ಹುಲ್ಲುಗಾವಲಿನ ಮಾತು, ಹಿನ್ನೀರಿನ ಮಾತು

(ಊರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ರಜೆಯ ದಿನ ಮನೆಯಲ್ಲಿ ಆರಾಮಾಗಿ ಇರೋದು ಬಿಟ್ಟು ಇಲ್ಲಿಗೆ ಬಂದಿದ್ದೀರಿ. ಖುಷಿಯಾಯಿತು.

ಕಂಪ್ಯೂಟರಿನ ಲೋಕದಲ್ಲಿ ನಮ್ಮ ಭಾಷೆಗಳಿಗೆಲ್ಲ ಎರಡಕ್ಷರದ ಗುರುತು ಇರುತ್ತದೆ. ಕನ್ನಡಕ್ಕೆ ಕೆಎನ್. ಮಲಯಾಳಕ್ಕೆ ಎಂಎಲ್. ಪಟ್ಟಿಯಲ್ಲಿ ಎಂಎಲ್ ಆದ ಮೇಲೆ ಮುಂದಿನ ಸಾಲಿನಲ್ಲೇ ಎಂಎನ್ ಬರುತ್ತದೆ. ಅದು ಮಂಗೋಲಿಯನ್. ಒಂದು ಭಾಷೆ ತೆಂಗಿನ ತೋಟ, ಹಿನ್ನೀರು, ಮಳೆಯ ನಡುವೆ ಬೆಳೆದದ್ದು. ಇನ್ನೊಂದು ಚಳಿಗಾಲದಲ್ಲಿ ಸೊನ್ನೆಗಿಂತ 40 ಡಿಗ್ರಿ ಕೆಳಗಿಳಿಯುವ ಹುಲ್ಲುಗಾವಲಿನದ್ದು. ಪಟ್ಟಿಯಲ್ಲಿ ಮಾತ್ರ ಅಕ್ಕಪಕ್ಕದ ಮನೆಯವರು. ಅದನ್ನು ನೋಡಿದ ದಿನದಿಂದ ನನಗೊಂದು ಆಸೆ ಇತ್ತು. ಈ ಎರಡು ಭಾಷೆಗಳನ್ನು ಭೂಪಟದ ಮೇಲೂ ಪಕ್ಕಪಕ್ಕ ಇಟ್ಟು ನೋಡಬೇಕು. ಯಾವುದನ್ನು ಎಲ್ಲೆಲ್ಲಿ ಮಾತಾಡುತ್ತಾರೆ?

ಮೊದಲು ನೆಲ. ಮಂಗೋಲಿಯಾ ದೇಶದ ವಿಸ್ತೀರ್ಣ ಸುಮಾರು 15.64 ಲಕ್ಷ ಚದರ ಕಿಲೋಮೀಟರ್. ನಮ್ಮ ಕರ್ನಾಟಕದಂಥ ಎಂಟು ರಾಜ್ಯಗಳು ಅದರೊಳಗೆ ಕೂರುತ್ತವೆ. ಕೇರಳವಾದರೆ ನಲವತ್ತು. ಈಗ ಜನ. ಆ ಇಡೀ ದೇಶದಲ್ಲಿರುವವರು ಸುಮಾರು 35 ಲಕ್ಷ. ಅದರಲ್ಲೂ ಹತ್ತಿರಹತ್ತಿರ ಅರ್ಧದಷ್ಟು ಜನ ಉಲಾನ್‌ಬಾತರ್ ಎಂಬ ಒಂದೇ ಊರಿನಲ್ಲಿದ್ದಾರೆ. 2011ರ ಜನಗಣತಿ ತೆಗೆದು ನೋಡಿ. ಕೇರಳದ ಮಲಪ್ಪುರಂ ಜಿಲ್ಲೆಯೊಂದರಲ್ಲೇ 41 ಲಕ್ಷ ಜನ! ಅದೇ ಜನಗಣತಿಯಲ್ಲಿ ಭಾರತದಲ್ಲಿ 3.48 ಕೋಟಿ ಜನ ತಮ್ಮ ತಾಯಿನುಡಿ ಮಲಯಾಳಂ ಎಂದು ಬರೆಸಿದರು.

ಆದರೆ ಶಾಲೆಯ ಗೋಡೆಯ ಮೇಲಿರುವ ಭಾಷಾ ಭೂಪಟ ನೋಡಿ. ಮಂಗೋಲಿಯನ್‌ಗೆ ಏಷ್ಯಾದ ನಟ್ಟನಡುವೆ ಅಂಗೈಯಷ್ಟು ಅಗಲದ ಬಣ್ಣ. ಮಲಯಾಳಕ್ಕೆ ಉಗುರಿನ ಅಂಚಿನಷ್ಟು ಗೆರೆ. ಬಣ್ಣ ಬಳಿಯುವವರು ನೆಲಕ್ಕೆ ಬಳಿಯುತ್ತಾರೆ. ನೆಲ ಮಾತಾಡಲ್ಲ ಅಲ್ವಾ? ಮಾತಾಡುವುದು ಬಾಯಿ. ನಾನು ಈ ಸಂಜೆ ಹುಡುಕಲು ಹೊರಟಿರುವುದು ಆ ಬಾಯಿಗಳನ್ನು.

ಮಂಗೋಲಿಯಾದಲ್ಲಿ ಜನಕ್ಕಿಂತ ಜಾನುವಾರು ಜಾಸ್ತಿ. ಸುಮಾರು 6 ಕೋಟಿ. ಕುದುರೆ, ದನ, ಒಂಟೆ, ಕುರಿ, ಮೇಕೆ ಈ ಐದನ್ನೂ ಸೇರಿಸಿ ಅವರು 'ಐದು ಮೂತಿಯ ಜಾನುವಾರು' ಎನ್ನುತ್ತಾರೆ. ಮೇವು ಹುಡುಕಿಕೊಂಡು ಮನೆಯೇ ಎದ್ದು ಹೊರಡುತ್ತದೆ. 'ಗೆರ್' ಎಂಬ ಉಣ್ಣೆಯ ಗುಡಾರ ಬಿಚ್ಚಿ, ಹೇರಿಕೊಂಡು, ಇನ್ನೊಂದು ಕಡೆ ಕಟ್ಟುತ್ತಾರೆ. ಕುದುರೆಗೆ ಅವರು ಇಟ್ಟಿರುವ ಹೆಸರುಗಳನ್ನು ಕೇಳಿ. ಗಂಡು ಬೀಜದ ಕುದುರೆ 'ಅಜರ್ಗ', ಹೆಣ್ಣು 'ಗೂ', ಆ ವರ್ಷ ಹುಟ್ಟಿದ ಮರಿ 'ಉನಗ', ಎರಡನೇ ವರ್ಷಕ್ಕೆ ಕಾಲಿಟ್ಟರೆ 'ದಾಗ'. ನಮ್ಮ ರೈತರಿಗೆ ಕರು, ಕಡಸು, ಹೋರಿ, ಎತ್ತು ಹೇಗೋ ಹಾಗೆ. ದಿನವೂ ಕಣ್ಣ ಮುಂದೆ ಇರುವುದಕ್ಕೆ ಭಾಷೆ ಹೆಸರು ಕೊಡದೆ ಬಿಡುವುದಿಲ್ಲ.

ಈ ಅಲೆದಾಟದಿಂದ ಒಂದು ಸೋಜಿಗ ಆಗಿದೆ. ದೇಶದಲ್ಲಿ ಹೆಚ್ಚಿನವರು ಆಡುವುದು ಖಾಲ್ಖ ಎಂಬ ಬಗೆಯ ಮಂಗೋಲಿಯನ್. ನೂರಾರು ಕಿಲೋಮೀಟರ್ ದಾಟಿದರೂ ಅದು ಅಷ್ಟೇನೂ ಬದಲಾಗುವುದಿಲ್ಲ. ಕೇರಳಕ್ಕೆ ಬನ್ನಿ. ಉದ್ದ ಹೆಚ್ಚೆಂದರೆ 600 ಕಿಲೋಮೀಟರ್. ತಿರುವನಂತಪುರದವರು 'ಅವನ್ ವನ್ನು' ಎನ್ನುವುದನ್ನು ಕಾಸರಗೋಡಿನ ಕಡೆ 'ಓನ್ ಬನ್ನು' ಎನ್ನುತ್ತಾರೆ. ಆ 'ಬ' ಕೇಳಿದರೆ ನಮ್ಮ 'ಬಂದ' ನೆನಪಾಗುತ್ತದೆ. ಒಂದು ಕೊನೆಯವರ ಆಡುಮಾತು ಇನ್ನೊಂದು ಕೊನೆಯವರಿಗೆ ಕಷ್ಟವಾಗುತ್ತದೆ. 44 ನದಿಗಳು ಆ ಸಣ್ಣ ನಾಡನ್ನು ಅಡ್ಡಡ್ಡ ಕೊಯ್ದಿವೆ. ಜನ ಒಂದೇ ಕಡೆ ತಲೆಮಾರುಗಳ ಕಾಲ ನೆಲೆ ನಿಂತರು. ಜಾತಿಗೊಂದು, ಊರಿಗೊಂದು ಮಾತಿನ ರೂಢಿ ಬೆಳೆಯಿತು. ನನಗೆ ತೋಚುವುದು ಇಷ್ಟು: ನಿಂತವರ ಮಾತು ಕವಲೊಡೆಯಿತು, ನಡೆದವರ ಮಾತು ಬೆರೆತು ಒಂದಾಯಿತು. ಕನ್ನಡದಲ್ಲಿ ಮಂಗಳೂರು, ಧಾರವಾಡ, ಚಾಮರಾಜನಗರದ ಮಾತು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಗಡಿಯ ವಿಷಯಕ್ಕೆ ಬರುತ್ತೇನೆ. ನನ್ನನ್ನು ಜಾಸ್ತಿ ಕಾಡಿದ್ದು ಇದೇ.

ಉಲಾನ್‌ಬಾತರ್‌ನಿಂದ ಬೀಜಿಂಗ್‌ಗೆ ಹೋಗುವ ರೈಲು ಗೋಬಿ ಮರುಭೂಮಿಯನ್ನು ದಾಟಿ ಗಡಿಗೆ ಬರುತ್ತದೆ. ಈಚೆ ಜಮಿನ್ ಊದ್, ಆಚೆ ಎರೆನ್‌ಹೋಟ್. ಅಲ್ಲಿ ರೈಲು ಗಂಟೆಗಟ್ಟಲೆ ನಿಲ್ಲುತ್ತದೆ. ಮಂಗೋಲಿಯಾದ ಹಳಿಗಳು ರಷ್ಯಾದ ಅಳತೆಯವು, 1520 ಮಿಲಿಮೀಟರ್ ಅಗಲ. ಚೀನಾದವು 1435. ಹಾಗಾಗಿ ಬೋಗಿಗಳನ್ನು ಎತ್ತಿ, ಕೆಳಗಿನ ಚಕ್ರಗಳನ್ನೇ ಬದಲಾಯಿಸುತ್ತಾರೆ.

ಅದೇ ಗಡಿಯಲ್ಲಿ ಭಾಷೆಯೂ ಚಕ್ರ ಬದಲಾಯಿಸುತ್ತದೆ. ಆಚೆ ಇರುವುದು ಚೀನಾದ ಒಳ ಮಂಗೋಲಿಯಾ. ಅಲ್ಲೂ ಮಂಗೋಲರಿದ್ದಾರೆ. ಭಾಷೆ ಅದೇ, ಒಂದಿಷ್ಟು ಪ್ರಾದೇಶಿಕ ವ್ಯತ್ಯಾಸ ಅಷ್ಟೆ. ಆದರೆ ಗಡಿಯ ಈಚೆ ಮಂಗೋಲಿಯನ್ ಬರೆಯುವುದು ರಷ್ಯನ್ನರ ಸಿರಿಲಿಕ್ ಅಕ್ಷರಗಳಲ್ಲಿ. 1940ರ ದಶಕದಲ್ಲಿ, ಸೋವಿಯತ್ ಪ್ರಭಾವದ ಕಾಲದಲ್ಲಿ ಬಂದದ್ದು ಅದು. ಆಚೆ ಹಳೆಯ ಮಂಗೋಲಿಯನ್ ಲಿಪಿಯೇ ಉಳಿಯಿತು. ಎಷ್ಟು ಚೆಂದದ ಲಿಪಿ ಗೊತ್ತಾ! ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಬೆನ್ನುಮೂಳೆಯಂಥ ಒಂದು ನೇರ ಗೆರೆ, ಅದಕ್ಕೆ ಹಲ್ಲುಗಳು, ಬಾಲಗಳು. ಸಾಲುಗಳು ಎಡದಿಂದ ಬಲಕ್ಕೆ ಸಾಗುತ್ತವೆ. ಚೀನಾದ ಯುವಾನ್ ನೋಟಿನ ಹಿಂಬದಿಯಲ್ಲಿ ಈ ಅಕ್ಷರ ಇದೆ, ನಮ್ಮ ರೂಪಾಯಿ ನೋಟಿನ ಹಿಂದೆ ಕನ್ನಡ, ಮಲಯಾಳಂ ಇರುವ ಹಾಗೆ. ಹೀಗಾಗಿ ಗಡಿಯ ಎರಡು ಬದಿಯ ಅಣ್ಣತಮ್ಮಂದಿರು ಫೋನಿನಲ್ಲಿ ಸಲೀಸಾಗಿ ಮಾತಾಡಬಹುದು. ಕಾಗದ ಬರೆದರೆ ಎಷ್ಟೋ ಜನರಿಗೆ ಓದಲು ಬರುವುದಿಲ್ಲ.

ಇನ್ನೊಂದು ವಿಷಯ. ಮಂಗೋಲಿಯಾದಲ್ಲಿ ಇರುವುದಕ್ಕಿಂತ ಜಾಸ್ತಿ ಮಂಗೋಲರು ಚೀನಾದಲ್ಲಿದ್ದಾರೆ. 2020ರ ಅಲ್ಲಿನ ಜನಗಣತಿಯ ಲೆಕ್ಕ ಸುಮಾರು 63 ಲಕ್ಷ. ಆದರೆ ಒಳ ಮಂಗೋಲಿಯಾದ ಜನಸಂಖ್ಯೆಯೇ 2.4 ಕೋಟಿ. ಅದರಲ್ಲಿ ಮಂಗೋಲರು ಐದರಲ್ಲೊಂದು ಪಾಲಿಗೂ ಕಡಿಮೆ. ಅವರೆಲ್ಲರೂ ಮಂಗೋಲಿಯನ್ ಮಾತಾಡುತ್ತಾರೆ ಎಂದೂ ಇಲ್ಲ. ಊರಿಗೆ ಊರೇ ಚೀನೀ ಮಾತಿಗೆ ತಿರುಗಿರುವ ಕಡೆಗಳಿವೆ. 2020ರ ಸೆಪ್ಟೆಂಬರಿನಲ್ಲಿ, ಮಂಗೋಲಿಯನ್ ಮಾಧ್ಯಮದ ಶಾಲೆಗಳಲ್ಲೂ ಕೆಲವು ಪಾಠಗಳನ್ನು ಚೀನೀ ಭಾಷೆಯಲ್ಲೇ ಕಲಿಸಬೇಕು ಎಂದು ಸರ್ಕಾರ ಹೇಳಿತು. ಅಪ್ಪ ಅಮ್ಮಂದಿರು ಮಕ್ಕಳನ್ನು ಶಾಲೆಗೆ ಕಳಿಸದೆ ಪ್ರತಿಭಟಿಸಿದರು. ಭೂಪಟದ ಬಣ್ಣ ಅವತ್ತೂ ಅಷ್ಟೇ ಅಗಲ ಇತ್ತು, ಇವತ್ತೂ ಅಷ್ಟೇ ಇದೆ. ತರಗತಿಯಲ್ಲಿ ಮಾತ್ರ ಮಾತು ಕಡಿಮೆಯಾಯಿತು.

ಇತ್ತ ಸ್ವತಂತ್ರ ಮಂಗೋಲಿಯಾ ತನ್ನ ಹಳೆಯ ಲಿಪಿಯನ್ನು ಮತ್ತೆ ಮನೆಗೆ ಕರೆಯುತ್ತಿದೆ. 2015ರಲ್ಲಿ ಒಂದು ಭಾಷಾ ಕಾನೂನು ಮಾಡಿ, 2025ರಿಂದ ಸರ್ಕಾರಿ ಕಾಗದಪತ್ರಗಳು ಎರಡೂ ಲಿಪಿಯಲ್ಲಿ ಇರಬೇಕು ಎಂದಿತು. ಒಂದು ಕಡೆ ಭಾಷೆಗೆ ದೇಶ ಉಳಿಯಿತು, ಅಕ್ಷರ ಹೋಯಿತು. ಇನ್ನೊಂದು ಕಡೆ ಅಕ್ಷರ ಉಳಿಯಿತು, ಕಲಿಯುವ ಶಾಲೆ ಸೊರಗುತ್ತಿದೆ. ಇದನ್ನು ಓದುವಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ನಮಗೂ ಒಂದು ಗಡಿ ಇದೆ. ಮಂಗಳೂರಿನಿಂದ ಕಾಸರಗೋಡಿಗೆ ರೈಲಿನಲ್ಲಿ ಹೋಗಿ. ಚಕ್ರ ಬದಲಾಯಿಸಬೇಕಿಲ್ಲ. ಒಂದೇ ಬೋಗಿಯಲ್ಲಿ ತುಳು, ಕನ್ನಡ, ಮಲಯಾಳಂ, ಬ್ಯಾರಿ, ಕೊಂಕಣಿ ಎಲ್ಲ ಕಿವಿಗೆ ಬೀಳುತ್ತವೆ. ಟಿಕೆಟ್ ಕೇಳಲು ಒಂದು, ಜಾಗ ಕೇಳಲು ಇನ್ನೊಂದು. 1956ರ ನವೆಂಬರ್ 1ರ ತನಕ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕು. ಆ ದಿನ ಅದು ಕೇರಳಕ್ಕೆ ಸೇರಿತು. ಚಂದ್ರಗಿರಿ ನದಿಯ ಉತ್ತರದ ಭಾಗ ನಮ್ಮ ಕಡೆ ಬರಬೇಕು ಎಂದು 1967ರಲ್ಲಿ ಮಹಾಜನ್ ಆಯೋಗ ಹೇಳಿತು, ಆದರೆ ಆಗಲಿಲ್ಲ. ಮಂಜೇಶ್ವರದ ಗೋವಿಂದ ಪೈ, ಕಯ್ಯಾರ ಕಿಞ್ಞಣ್ಣ ರೈ ಅವರಂಥ ಕವಿಗಳು ಆ ಮಣ್ಣಿನವರು. 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯ ಮಾಡುವ ಕಾನೂನು ಬಂದಾಗ ಅಲ್ಲಿನ ಕನ್ನಡಿಗರು ಬೀದಿಗಿಳಿದರು. ಅವರ ನೋವು ನಮಗೆ ಬೇಗ ಅರ್ಥವಾಗುತ್ತದೆ. ಗಡಿಯ ಈಚೆ ನಮ್ಮ ಶಾಲೆಯಲ್ಲಿ ಕೂತಿರುವ ಬ್ಯಾರಿ ಮಗುವಿನ, ಕೊಡಗಿನ ಕಾಡಂಚಿನ ಯರವ ಮಗುವಿನ ಮನೆಮಾತನ್ನೂ ಹಾಗೇ ಅರ್ಥ ಮಾಡಿಕೊಳ್ಳಬೇಕು ಎಂದು ನನಗನ್ನಿಸುತ್ತದೆ. ಈ ಎರಡು ಮಾತುಗಳೂ ಮಲಯಾಳದ ಹತ್ತಿರದ ನೆಂಟರು. ಅವನ್ನು ಮಲಯಾಳದ ಬಗೆಗಳು ಎನ್ನಬೇಕೋ, ಬೇರೆ ಭಾಷೆ ಎನ್ನಬೇಕೋ ಎಂಬ ಚರ್ಚೆ ಇದೆ. ಬ್ಯಾರಿಗೆ ಕರ್ನಾಟಕದಲ್ಲಿ ಸಾಹಿತ್ಯ ಅಕಾಡೆಮಿಯೇ ಇದೆ. ಮಂಗೋಲಿಯನ್‌ಗೂ ಇದೇ ಪ್ರಶ್ನೆ: ರಷ್ಯಾದ ಬೈಕಲ್ ಸರೋವರದ ಸುತ್ತ ಆಡುವ ಬುರ್ಯಾತ್ ಅದರ ಬಗೆಯೋ, ತಂಗಿಯೋ? ನಾನಾದರೆ ಆಡುವವರನ್ನೇ ಕೇಳಿ ಎನ್ನುತ್ತೇನೆ.

ಭಾಷೆಗಳು ದೂರ ಹೋದ ಕತೆಗೆ ಬರೋಣ.

17ನೇ ಶತಮಾನದ ಆರಂಭದಲ್ಲಿ ಓಯಿರಾತ್ ಎಂಬ ಪಶ್ಚಿಮ ಮಂಗೋಲರ ಒಂದು ದೊಡ್ಡ ಗುಂಪು ಹಿಂಡುಗಳ ಸಮೇತ ಪಶ್ಚಿಮಕ್ಕೆ ನಡೆಯಿತು. ನಡೆದೂ ನಡೆದೂ ವೋಲ್ಗಾ ನದಿಯ ದಡ ಸೇರಿತು. ಯುರೋಪಿನ ಅಂಚಿನಲ್ಲಿ ಮಂಗೋಲಿಯನ್ ಮಾತು! ಅವರೇ ಕಲ್ಮಿಕರು. 1771ರ ಚಳಿಗಾಲದಲ್ಲಿ ಬಹಳಷ್ಟು ಜನ ಹಿಂದಿರುಗಿ ಪೂರ್ವಕ್ಕೆ ಹೊರಟರು. ಆ ವರ್ಷ ವೋಲ್ಗಾ ಹೆಪ್ಪುಗಟ್ಟಲಿಲ್ಲವಂತೆ. ಪಶ್ಚಿಮ ದಡದಲ್ಲಿದ್ದವರಿಗೆ ನದಿ ದಾಟಲಾಗದೆ ಅಲ್ಲೇ ಉಳಿದರು. ಅವರ ಮಕ್ಕಳ ಮಕ್ಕಳು ಇವತ್ತು ರಷ್ಯಾಕ್ಕೆ ಸೇರಿದ ಕಲ್ಮಿಕಿಯಾ ಗಣರಾಜ್ಯದಲ್ಲಿದ್ದಾರೆ. 1943ರ ಡಿಸೆಂಬರಿನಲ್ಲಿ ಸ್ಟಾಲಿನ್ ಸರ್ಕಾರ ಆ ಇಡೀ ಜನಾಂಗವನ್ನು ರೈಲಿಗೆ ತುಂಬಿ ಸೈಬೀರಿಯಾಕ್ಕೆ ಸಾಗಿಸಿತು. ಚಳಿಗೆ, ಹಸಿವಿಗೆ ಎಷ್ಟೋ ಜನ ಸತ್ತರು. 1957ರಲ್ಲಿ ಮರಳಲು ಬಿಟ್ಟರು. ಮರಳಿ ಬಂದದ್ದು ರಷ್ಯನ್ ಮಾತಾಡುವ ಮಕ್ಕಳು. ಯುನೆಸ್ಕೋ ಈಗ ಕಲ್ಮಿಕ್ ಭಾಷೆಯನ್ನು ಅಳಿವಿನಂಚಿನ ಪಟ್ಟಿಯಲ್ಲಿ ಇಟ್ಟಿದೆ. ನೂರಾರು ವರ್ಷ ಅಲೆದರೂ ಉಳಿದಿದ್ದ ಮಾತು 13 ವರ್ಷದಲ್ಲಿ ಮುರಿಯಿತು. ಮೊಮ್ಮಗು ಅಜ್ಜಿಯ ಮಾತಿನಲ್ಲಿ ಉತ್ತರ ಕೊಡಲಾಗದ ಮನೆಗಳನ್ನು ನೆನೆಸಿಕೊಳ್ಳಿ.

ಮಲಯಾಳಂ ದೂರ ಹೋದ ದಾರಿಯೇ ಬೇರೆ. 1970ರ ದಶಕದ ತೈಲದ ಏರಿಕೆಯ ನಂತರ ಕೇರಳದ ಯುವಕರು ಕೊಲ್ಲಿ ದೇಶಗಳಿಗೆ ಹೊರಟರು. ಇವತ್ತು ಕೇರಳದಿಂದ ಹೊರದೇಶದಲ್ಲಿ ದುಡಿಯುವವರು 20 ಲಕ್ಷದ ಆಸುಪಾಸು, ಬಹುಪಾಲು ಕೊಲ್ಲಿಯಲ್ಲೇ. ದುಬೈ, ದೋಹಾ, ಮನಾಮದಲ್ಲಿ ಮಲಯಾಳಂ ಅಂಗಡಿಯ ಮಾತು, ಆಸ್ಪತ್ರೆಯ ದಾದಿಯರ ಮಾತು, ಟ್ಯಾಕ್ಸಿಯ ಮಾತು. ಅಲ್ಲೇ ಮಲಯಾಳಂ ಪತ್ರಿಕೆ ಅಚ್ಚಾಗಿದೆ, ರೇಡಿಯೊ ನಡೆದಿದೆ. ಆದರೆ ಆ ನೆಲದ ಮೇಲೆ ಭೂಪಟದಲ್ಲಿ ಮಲಯಾಳದ ಒಂದು ಚುಕ್ಕಿ ಬಣ್ಣವೂ ಇಲ್ಲ. ಮಂಗೋಲಿಯಾ ದೇಶದಲ್ಲಿ ಆಡುವ ಮಂಗೋಲಿಯನ್ ಪಕ್ಕಕ್ಕೆ ಈ ಬಣ್ಣವಿಲ್ಲದ ಮಲಯಾಳವನ್ನು ಇಟ್ಟು ನೋಡಿ, ಲೆಕ್ಕದಲ್ಲಿ ಹೆಚ್ಚುಕಡಿಮೆ ಅದರ ಅರ್ಧದಷ್ಟಿದೆ! ಆದರೆ ಅಲ್ಲಿ ಪೌರತ್ವ ಸಿಗುವುದಿಲ್ಲ. ಒಂದಲ್ಲ ಒಂದು ದಿನ ಮರಳಲೇಬೇಕು. ಹಾಗಾಗಿಯೇ ಮಾತು ಗಟ್ಟಿಯಾಗಿ ಉಳಿದಿದೆ ಎಂದು ನನ್ನ ಅಂದಾಜು. ಮಕ್ಕಳು ಮಾತ್ರ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಾರೆ. ಅವರಿಗೆ ಅಕ್ಷರ ಕಲಿಸಲು ಕೇರಳ ಸರ್ಕಾರ 'ಮಲಯಾಳಂ ಮಿಷನ್' ನಡೆಸುತ್ತಿದೆ. ದುಬೈಯಲ್ಲಿ ನಮ್ಮವರೂ ವಾರದ ರಜೆಯಲ್ಲಿ ಕನ್ನಡ ಪಾಠಶಾಲೆ ನಡೆಸುತ್ತಾರೆ.

ಕೊಚ್ಚಿಯ ಯೆಹೂದ್ಯರು 1950ರ ದಶಕದಲ್ಲಿ ಇಸ್ರೇಲಿಗೆ ಹೋದರು. ಅವರ ಜೊತೆ ಮಲಯಾಳದ ಒಂದು ಬಗೆ, ಹೆಂಗಸರು ಹಾಡುತ್ತಿದ್ದ ಹಾಡುಗಳು ಅಲ್ಲಿಗೆ ಹೋದವು. ಅದನ್ನು ಬಲ್ಲವರು ಈಗ ಮುಪ್ಪಿನವರು ಮಾತ್ರ.

ಸಮುದ್ರದ ಮಾತು ಬಂತಲ್ಲ, ಲಕ್ಷದ್ವೀಪವನ್ನು ಮರೆಯುವಂತಿಲ್ಲ. ಒಟ್ಟು ನೆಲ 32 ಚದರ ಕಿಲೋಮೀಟರ್. ಜನವಸತಿ ಇರುವ ದ್ವೀಪ ಹತ್ತು. ಒಂಬತ್ತರಲ್ಲಿ ಜೆಸರಿ ಎಂಬ ಮಲಯಾಳಂ. ಹತ್ತನೆಯ ಮಿನಿಕಾಯ್‌ನಲ್ಲಿ ಮಾಲ್ಡೀವ್ಸ್‌ನ ಮಾತಿಗೆ ಸೇರಿದ ಮಹಲ್. ನಮಗೂ ಲಕ್ಷದ್ವೀಪಕ್ಕೂ ಒಂದು ಹಳೆಯ ನಂಟು ಇದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ದ್ವೀಪಗಳು ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿನವರು ಹಾಯಿಹಡಗಿನಲ್ಲಿ ತೆಂಗಿನಕಾಯಿ, ನಾರು ಹೇರಿಕೊಂಡು ಮಂಗಳೂರಿನ ಬಂದರಿಗೆ ಬರುತ್ತಿದ್ದರು.

ಈ 'ದ್ವೀಪ' ಪದದ ಬಳಿ ಸ್ವಲ್ಪ ನಿಲ್ಲಬೇಕು. ನಮ್ಮಲ್ಲೂ ಮಲಯಾಳದಲ್ಲೂ ದ್ವೀಪ ಅಂದರೆ ನೀರಿನ ನಡುವಿನ ನೆಲ. ಮಂಗೋಲಿಯನ್‌ನಲ್ಲಿ 'ತಿವ್' ಎಂಬ ಪದ ಇದೆ. ಅದೂ ಸಂಸ್ಕೃತದ ದ್ವೀಪವೇ, ಮಧ್ಯ ಏಷ್ಯಾದ ಉಯ್ಗುರ ಜನರ ಬಾಯಿಂದ ಅಲ್ಲಿಗೆ ಹೋದದ್ದು. ಆದರೆ ಅರ್ಥ 'ಖಂಡ'. ಏಷ್ಯಾ ಒಂದು ತಿವ್. ಜಂಬೂದ್ವೀಪ ಅನ್ನುವಾಗ ನಾವೂ ಖಂಡ ಎಂದೇ ತಿಳಿಯುತ್ತೇವಲ್ಲ, ಆ ಹಳೆಯ ಅರ್ಥ ಸಮುದ್ರವೇ ಇಲ್ಲದ ನಾಡಿನಲ್ಲಿ ಉಳಿದುಕೊಂಡಿದೆ. ಬೌದ್ಧ ಗ್ರಂಥಗಳ ಜೊತೆ ಹೋದ ಇನ್ನೂ ಎಷ್ಟೋ ಪದಗಳಿವೆ. ಶ್ಲೋಕ ಅಲ್ಲಿ 'ಶುಲೆಗ್' ಆಗಿ, ಕವಿತೆ ಎಂಬ ಅರ್ಥ ಪಡೆಯಿತು. ಶಾಸ್ತ್ರ 'ಶಾಸ್ತಿರ್' ಆಯಿತು. ರತ್ನ 'ಎರ್ದೆನ್' ಆಯಿತು. ಗ್ರಹಗಳ ಹೆಸರು ಕೇಳಿ: ಬುದ್, ಸುಗರ್, ಅಂಗಾರಗ್, ಬರ್ಹಸ್ಬದ್, ಸಂಚಿರ್. ಶನಿಯನ್ನು ಶನೈಶ್ಚರ ಅನ್ನುತ್ತೇವಲ್ಲ, ಅದೇ ಸಂಚಿರ್.

ಲಿಪಿಯಲ್ಲೂ ಹೀಗೊಂದು ಭೇಟಿ ನಡೆದಿದೆ. ಮಂಗೋಲರ ಲಿಪಿ ಉಯ್ಗುರರಿಂದ ಬಂದದ್ದು, ಉಯ್ಗುರರಿಗೆ ಸೊಗ್ದಿಯನ್ನರು ಎಂಬ ಮಧ್ಯ ಏಷ್ಯಾದ ಹಳೆಯ ವರ್ತಕ ಜನರಿಂದ. ಇನ್ನೂ ಹಿಂದೆ ಹೋದರೆ ಪಶ್ಚಿಮ ಏಷ್ಯಾದ ಅರಮೇಯಿಕ್ ಅಕ್ಷರಗಳು. ಅದೇ ಅರಮೇಯಿಕ್ ಬೇರಿನ ಇನ್ನೊಂದು ಕೊಂಬೆ ಸಿರಿಯಕ್. ಕೇರಳದ ಸಿರಿಯನ್ ಕ್ರೈಸ್ತರು ಒಂದು ಕಾಲದಲ್ಲಿ ಮಲಯಾಳವನ್ನು ಆ ಸಿರಿಯಕ್ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಮಲಬಾರಿನ ಮಾಪಿಳ್ಳೆಯರು ಅರಬ್ಬೀ ಅಕ್ಷರಗಳಲ್ಲಿ ಬರೆದರು, ಅದೂ ಅದೇ ಬೇರಿನದ್ದು. ಭೂಪಟದಲ್ಲಿ ಎಲ್ಲೂ ಮುಟ್ಟದ ಎರಡು ಭಾಷೆಗಳು ಒಂದೇ ಮನೆತನದ ಬಟ್ಟೆ ತೊಟ್ಟಿದ್ದವು.

ಹುಟ್ಟಿನಿಂದ ಇವು ನೆಂಟರಲ್ಲ. ಆದರೂ ಒಂದು ಸಂಗತಿ ನನಗೆ ತುಂಬ ಹಿಡಿಸಿತು. ಕನ್ನಡದಲ್ಲಿ ನಾನು ಬಂದೆ, ಅವನು ಬಂದ, ಅವಳು ಬಂದಳು ಎಂದು ಕ್ರಿಯಾಪದ ಬದಲಾಗುತ್ತದೆ. ಮಲಯಾಳದಲ್ಲಿ ಯಾರು ಬಂದರೂ 'ವನ್ನು'. ಖಾಲ್ಖ ಮಂಗೋಲಿಯನ್‌ನಲ್ಲೂ ಯಾರು ಬಂದರೂ 'ಇರ್ಸೆನ್'. ಈ ಒಂದು ವಿಷಯದಲ್ಲಿ ಮಲಯಾಳಂ ನಮ್ಮನ್ನು ಬಿಟ್ಟು ಮಂಗೋಲರ ಪಕ್ಕ ಹೋಗಿ ಕೂತಿದೆ.

ಕೊನೆಗೊಂದು ಕಡೆ ಬಾಕಿ ಇದೆ. ಮಂಗೋಲಿಯನ್ ಎಲ್ಲೆಲ್ಲಿ ಆಡುತ್ತಾರೆ ಎಂಬ ಪಟ್ಟಿಗೆ ನಾನು ಉತ್ತರ ಕನ್ನಡ ಜಿಲ್ಲೆಯನ್ನೂ ಸೇರಿಸಬೇಕು.

ನಗಬೇಡಿ, ನಿಜವಾಗಿಯೂ. ಮುಂಡಗೋಡದ ಟಿಬೆಟನ್ ಶಿಬಿರದಲ್ಲಿ ಡ್ರೆಪುಂಗ್ ಗೋಮಾಂಗ್ ಎಂಬ ವಿಹಾರ ಇದೆ. ಹಿಂದೆ ಟಿಬೆಟ್‌ನಲ್ಲಿ ಇದ್ದಾಗಲೂ ಮಂಗೋಲಿಯಾ, ಬುರ್ಯಾತಿಯಾ, ಕಲ್ಮಿಕಿಯಾದ ಭಿಕ್ಷುಗಳು ಓದಲು ಬರುತ್ತಿದ್ದದ್ದು ಇದೇ ವಿಹಾರಕ್ಕೆ. ಈಗಲೂ ಬರುತ್ತಾರೆ, ನಮ್ಮ ಮುಂಡಗೋಡಕ್ಕೆ. ಕಲ್ಮಿಕಿಯಾದ ಪ್ರಧಾನ ಲಾಮಾ ಆಗಿದ್ದ ತೆಲೋ ತುಲ್ಕು ರಿಂಪೋಚೆ ಓದಿದ್ದೂ ಇಲ್ಲೇ. ಪಾಠ ಟಿಬೆಟನ್‌ನಲ್ಲಿ. ಕೋಣೆಗೆ ಮರಳಿದ ಮೇಲೆ, ಊರಿನ ಗೆಳೆಯರ ಜೊತೆ, ಮನೆಗೆ ಫೋನು ಮಾಡುವಾಗ ಮಂಗೋಲಿಯನ್.

ಕೆಲವು ವರ್ಷಗಳ ಹಿಂದೆ ನಾನು ಅಲ್ಲಿಗೆ ಹೋಗಿದ್ದೆ. ಸಂಜೆ ಚಹಾದಂಗಡಿಯಲ್ಲಿ ಪಕ್ಕದ ಬೆಂಚಿನ ಇಬ್ಬರು ಯುವ ಭಿಕ್ಷುಗಳ ಮಾತು ಟಿಬೆಟನ್ ಥರ ಕೇಳಿಸಲಿಲ್ಲ. ಸುಮ್ನೆ ಮಾತಿಗೆಳೆದೆ. ಮಂಗೋಲಿಯಾದವರು. ಅವರಿಗೆ ಹರಕು ಹಿಂದಿ, ನಾಲ್ಕು ಮಾತು ಕನ್ನಡ ಬರುತ್ತಿತ್ತು. ಅಂಗಡಿಯವರಿಗೆ 'ಸಕ್ಕರೆ ಕಮ್ಮಿ' ಎಂದು ಕನ್ನಡದಲ್ಲೇ ಹೇಳಿದರು. ಹೊರಗೆ ಬಂದಾಗ ಪಶ್ಚಿಮದ ಮರಗಳ ಮೇಲೆ ಒಂದು ಚುಕ್ಕಿ ಹೊಳೆಯುತ್ತಿತ್ತು. ಅದನ್ನು ತೋರಿಸಿ ನಿಮ್ಮಲ್ಲಿ ಏನಂತೀರಿ ಎಂದು ಕೇಳಿದೆ.

"ಸುಗರ್," ಅಂದರು ಒಬ್ಬರು.

"ನಮ್ಮಲ್ಲಿ ಶುಕ್ರ," ಅಂದೆ.

ಅವರು ಎರಡು ಸಲ ಅದನ್ನು ಬಾಯಲ್ಲಿ ಹೇಳಿಕೊಂಡರು. ಆಮೇಲೆ ಗೆಳೆಯನ ಕಡೆ ತಿರುಗಿ, ತಮ್ಮ ಭಾಷೆಯಲ್ಲಿ, ಏನೋ ಜೋರಾಗಿ ಖುಷಿಯಿಂದ ಹೇಳುತ್ತಾ ವಿಹಾರದ ದಾರಿ ಹಿಡಿದರು.